ಇಬ್ಬರು ಬಸವಂತರಾಯರು

ಜೇವರ್ಗಿ,
೧೮ ಫೆಬ್ರುವರಿ ೨೦೨೫

ಪ್ರೀತಿಯ ಅಣ್ಣಾ,

ಜೈಲಿನಲ್ಲಿ ಆರೋಗ್ಯ ಹೇಗಿದೆ? ಕೈಗೆ ಆದ ಗಾಯ ಮಾಗಿತೇ? ಸಿಟ್ಟು ಬಂದಾಗ ಊಟ ಬಿಡುವ ನಿನ್ನ ಚಾಳಿ ಅಲ್ಲಿ ನಡೆಯುವುದಿಲ್ಲ, ಉಂಡುಕೋ. ಅವ್ವ ಹುಷಾರಾಗಿದ್ದಾಳೆ ಎಂದು ಬರೆಯಬೇಕೆಂದಿದ್ದೆ, ಸುಳ್ಳು ಯಾಕೆ? ಕಾಕಾನ ಮಗ ಬಸುವನ್ನು ನೀನು ಕಡಿದ ಮರುದಿನವೇ ಅವನ ಹೆಂಡತಿಯ ತವರಿನವರು ಅತನೂರಿನ ನಮ್ಮ ಮನೆಗೆ ನುಗ್ಗಿ ಬಾಗಿಲು ಮುರಿದರು, ದನದ ಮೇವಿನ ಕಣಕಿ ಬಣವೆಗೆ ಬೆಂಕಿ ಇಟ್ಟರು, ಅಡ್ಡ ಬಂದ ಅಪ್ಪನ ಹಲ್ಲು ಉದುರಿಸಿದರು. ಅವ್ವ ಒಲೆಯ ಮುಂದೆ ಕುಳಿತು ನಿನ್ನನ್ನೂ ಅವರನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾಳೆ.

ಹೋದ ಸಲ ನಿನ್ನನ್ನು ನೋಡಲು ಬಂದಾಗ ನೀನು ಅಂದೆ: “ನಾ ಕಳ್ಳಗ ಹೊಡದೀನಿ, ತಮ್ಮಗ ಅಲ್ಲ.” ಜಾಲರಿಯೊಳಗೆ ಕೈ ತೂರಿಸಿ ನಿನ್ನ ಕಪಾಳಕ್ಕೆ ಬಿಗಿಯಬೇಕು ಎನ್ನಿಸಿತ್ತು. ಅವನು ಕಳ್ಳನಲ್ಲ ಅಣ್ಣಾ. ಅದು ಈಗ ನನಗೆ ಖಾತ್ರಿಯಾಗಿ ಗೊತ್ತು.

ನಾನು ಕೆಲಸ ಮಾಡುವ ತೊಗರಿ ಖರೀದಿ ಕಂಪನಿಗೆ ಆಳಂದ, ಅಫಜಲಪುರ, ಜೇವರ್ಗಿಯ ರೈತರ ಹೆಸರುಗಳು ಬೇರೆ ಬೇರೆಯಾಗಿ ಬಂದು ಕಂಪ್ಯೂಟರಿನಲ್ಲಿ ಒಂದಾಗುತ್ತವೆ. ಪರದೆಯ ಮೇಲೆ ಒಂದರ ಹಿಂದೊಂದು ಜೋಡಿಸಿದ ಚೌಕಗಳ ಮೂಲಕ, ಜರಡಿಯಲ್ಲಿ ಹಾದಂತೆ, ಸಾಗುತ್ತವೆ. ಯಾವ ಹೆಸರು ಉಳಿಸಬೇಕು, ಯಾವುದನ್ನು ಕಿತ್ತು ಹಾಕಬೇಕು ಎಂದು ಡೇಟಾಬೇಸಿಗೆ ಹೇಳುವ ಕ್ವೆರಿ ಪ್ರತಿ ಚೌಕದ ಹೊಟ್ಟೆಯೊಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಒಂದೊಂದೇ ತೆರೆದು ನೋಡುತ್ತ ಕುಳಿತರೆ ಮಳೆಗಾಲ ಬಂದೀತು. ಆ ಚೌಕಗಳ ಫೈಲುಗಳನ್ನೆಲ್ಲ ತಾನೇ ಓದಿ ಕ್ವೆರಿಗಳನ್ನು ಹೊರಗೆಳೆಯುವ ಪ್ರೋಗ್ರಾಂ ಬರೆದೆ. ಜೊತೆಗೆ ಕೆಲಸ ಮಾಡುವ ಏಜಾಜ, “ಕೋಳಿ ಹೊಟ್ಟಿ ಸೀಳಿದಂಗ ಸೀಳಾಕತ್ತೀರಲ್ರಿ ಅಕ್ಕಾ” ಎಂದ. ಅಷ್ಟು ಸಿಟ್ಟು ನನಗಿತ್ತು.

ನಿನ್ನ ಹೆಸರು ಅಳಿದುಹೋದ ಕಾರಣ ನಮ್ಮ ಅತನೂರು ಬರುವ ಅಫಜಲಪುರದ ಚೌಕದಲ್ಲಿ ಸಿಕ್ಕಿತು. ಹೆಸರು, ಅಡ್ಡಹೆಸರು, ಊರು ಒಂದೇ ಇದ್ದರೆ ಒಬ್ಬನೇ ಮನುಷ್ಯ ಎಂದು ತಿಳಿದು ಒಂದನ್ನು ಅಳಿಸು ಅಂತ ಬರೆದಿತ್ತು. ತಂದೆಯ ಹೆಸರು ಕೇಳಿಯೇ ಇಲ್ಲ. ಅಜ್ಜ ತೀರಿದ ಮೇಲೆ ಒಬ್ಬೊಬ್ಬ ಮಗನ ಮನೆಯಲ್ಲೂ ಹುಟ್ಟುವ ಮೊದಲ ಗಂಡಿಗೆ ಅಜ್ಜನ ಹೆಸರೇ ಇಡುತ್ತೇವೆ ಎಂಬುದು ಅದನ್ನು ಬರೆದ ಪುಣ್ಯಾತ್ಮನಿಗೆ ಎಲ್ಲಿ ಗೊತ್ತು? ನಿನ್ನನ್ನೂ ಬಸುವನ್ನೂ, ಇಬ್ಬರು ಬಸವಂತರಾಯರನ್ನು ಒಬ್ಬನನ್ನಾಗಿ ಮಾಡಿಬಿಟ್ಟ. ಆ ದಿನ ಮುಂಜಾನೆ ಬಸು ಖರೀದಿ ಕೇಂದ್ರದಲ್ಲಿ ತನ್ನ ತೊಗರಿಯನ್ನೇ ಹಾಕಿದ್ದು. ಮಧ್ಯಾಹ್ನ ನೀನು ಹೋದಾಗ ಗೇಟಿನವರು, “ಬಸವಂತರಾಯಂದು ಮುಗದದ, ಚೀಲ ಒಯ್ರಿ” ಎಂದರು.

ಬಸು ನಿನ್ನ ಹೆಸರಿನಲ್ಲಿ ಮಾಲು ಹಾಕಿ ನಿನ್ನ ಪಾಳಿ ಕದ್ದ ಎಂದುಕೊಂಡೆ, ಒಂದು ಮಾತು ಕೇಳಲಿಲ್ಲ. ಗಾಡಿಯಲ್ಲಿದ್ದ ಕೊಡಲಿ ತೆಗೆದೆ. ಅಲ್ಲೇ ಚಹಾ ಕುಡಿಯುತ್ತಿದ್ದ ಬಸು “ಬಾ ಅಣ್ಣಾ” ಎಂದು ಎದ್ದನಂತೆ. ಮೊದಲ ಏಟು ಹೆಗಲಿಗೆ, ಎರಡನೆಯದು ಬಿದ್ದವನ ಹೊಟ್ಟೆಗೆ. ಕರುಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ತೊಗರಿ ರಾಶಿಯ ಮೇಲೆ ತೆವಳಿದ. ಕಾಳಿಗೆ ಹತ್ತಿದ ರಕ್ತ ತೊಳೆದರೂ ಹೋಗದೆ ಆ ರಾಶಿಯನ್ನೇ ಬಳಿದು ಚೆಲ್ಲಿದರು. ಮೊದಲ ಏಟಿಗೆ ಆ ಕ್ವೆರಿಯನ್ನು ಬೈದೇನು. ಎರಡನೇ ಏಟು ಎಲ್ಲಿ ಬರೆದಿತ್ತು ಅಣ್ಣಾ? ಅದನ್ನು ನಾನು ಯಾರ ಹೊಟ್ಟೆ ಸೀಳಿ ಹೊರಗೆಳೆಯಲಿ?

ಬಸು ಕಲಬುರಗಿಯ ದವಾಖಾನೆಯಲ್ಲಿದ್ದಾನೆ. ಮಾತಾಡಿದರೆ ಬಾಯಲ್ಲಿ ರಕ್ತ ಬರುತ್ತದೆ, ಆದರೂ ಕೇಳುವುದು ಅದೊಂದೇ: “ಅಣ್ಣ ಇನ್ನಾ ನನಗ ಕಳ್ಳ ಅಂತಾನೇನು?” ಈ ಪತ್ರ ತರುವ ವಕೀಲರ ಕೈಯಲ್ಲಿ ‘ಕಳ್ಳ ಅಲ್ಲ’ ಎಂದು ಹೇಳಿ ಕಳಿಸು. ನಿನ್ನ ಕಾಲು ಹಿಡಿಯುತ್ತೇನೆ.

ಅವ್ವನ ಆಶೀರ್ವಾದ ಬೈಗುಳದ ಜೊತೆಗೇ ಇದೆ, ಎರಡನ್ನೂ ತೆಗೆದುಕೋ.

ನಿನ್ನ ತಂಗಿ,
ಸಪ್ನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಫೋನ್ ಬಂತು. ಬಸು ಹೋದ. ಇನ್ನು ನಿನ್ನ ಮಾತು ಯಾರಿಗೂ ಬೇಡ. ಅವನ ಹೆಂಡತಿ ವಿಜಯಶ್ರೀ ತುಂಬು ಬಸುರಿ. ಫೋನಿನಲ್ಲಿ ಮಾತಾಡಿದ್ದು ಅವನ ತಾಯಿ, ರುಕ್ಮಿಣಿಬಾಯಿ ಕಾಕಿ. ಅಳಲಿಲ್ಲ. “ನಿಮ್ಮಣ್ಣಗ ಬರಿ ಸಪ್ನಾ. ಗಂಡ್ ಹುಟ್ಟಿದ್ರ ಬಸವಂತರಾಯ ಅಂತೇ ಹೆಸರಿಡ್ತೇವಿ. ಅಂವ ಜೈಲಿನಿಂದ ಬಂದ ಮ್ಯಾಲ ನಾ ಓಣ್ಯಾಗ ನಿಂತ ಕೂಸಿಗಿ ಕರದ್ರ, ಅಂವನೂ ತಿರಗಿ ನೋಡ್ಬೇಕು” ಎಂದಳು.