ಮೈಕ್ ಸೆಟ್ ಮಂಚಯ್ಯನ ಇಂಜಿನ್ನು

ಪಾಲಹಳ್ಳಿ,
27-10-2024

ಪ್ರೀತಿಯ ಮಂಗಳಕ್ಕನಿಗೆ,

ನಿನ್ನ ತಂಗಿ ರಂಜಿತ ಮಾಡುವ ನಮಸ್ಕಾರಗಳು. ನಾಗಮಂಗಲದಲ್ಲಿ ನೀನು, ಭಾವ, ಸಿಂಚನ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವೂ ಕ್ಷೇಮ ಅಂತ ಬರೆಯಬೇಕು, ಆದರೆ ಬರೆಯಲು ಕೈ ಬರುತ್ತಿಲ್ಲ. ಆಯುಧ ಪೂಜೆಯ ಮರುದಿನವೇ ಬರೆಯಬೇಕೆಂದು ಕೂತಿದ್ದೆ. ಆಸ್ಪತ್ರೆ, ಹಸು, ಬಂದು ಹೋಗುವವರ ಕಾಟ, ಎಲ್ಲ ಸೇರಿ ಇಷ್ಟು ತಡವಾಯಿತು. ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಪಾಲಹಳ್ಳಿ ಅನ್ನುವ ಹೆಸರು ಕಿವಿಗೆ ಬಿದ್ದ ಕೂಡಲೇ "ಡ್ಯೂಟೀಲಿದ್ದೀನಿ ಕಣೆ, ಆಮೇಲೆ" ಅಂತ ಫೋನು ಇಡುವವಳು ನೀನು. ಕಾಗದವಾದರೆ ಕೊನೆಯವರೆಗೂ ಓದುತ್ತೀಯ ಅನ್ನುವ ಆಸೆ.

ಹಬ್ಬಕ್ಕೆ ನೀನು ಬರಲಿಲ್ಲ ಅಂತ ನನಗೆ ಮೈಯೆಲ್ಲ ಉರಿದು ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಮಣ್ಣಿಗೇ ಬರದವಳು ಅಪ್ಪನ ಇಂಜಿನ್ನಿನ ಪೂಜೆಗೆ ಬರುತ್ತಾಳಾ ಅಂತ ರಘುನಂದನನಿಗೆ ಮೊದಲೇ ಹೇಳಿದ್ದೆ. ಅವನು ಕೇಳಬೇಕಲ್ಲ. "ಇಂಜಿನ್ನು ಓಡ್ತಾ ಅದೆ ಅಂದ್ರೆ ಅಕ್ಕ ಬಂದೇ ಬತ್ತಾಳೆ ನೋಡ್ತಿರು" ಅಂದ. ನಮ್ಮ ತಮ್ಮನಿಗೆ ಇದ್ದದ್ದು ಅದೊಂದೇ ಹಠ, ನಿನ್ನನ್ನು ಈ ಮನೆಯ ಹೊಸಿಲು ದಾಟಿಸಬೇಕು. ನೀನು ಮನೆ ಬಿಟ್ಟಾಗ ಅವನಿನ್ನೂ ಚಡ್ಡಿ ಹಾಕದ ಕೂಸು. ನಿನ್ನನ್ನು ಕಂಡದ್ದೆಲ್ಲ ನಾಗಮಂಗಲದ ಮಾವನ ಮನೆಯ ಮದುವೆಗಳಲ್ಲಿ. ನಮ್ಮಕ್ಕ ನಮ್ಮ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು ಅಂತ ಹೇಳಿಕೊಳ್ಳುತ್ತಿದ್ದ.

ಹೋದ ಬೇಸಿಗೆಯಲ್ಲಿ ಹಿತ್ತಲಿನ ಶೆಡ್ಡು ಕೆಡವುವಾಗ ಅದನ್ನು ಹೊರಗೆ ತೆಗೆದ. ಅಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ಬ್ಯಾಟರಿ ಚಾರ್ಜು ಮಾಡುತ್ತಿದ್ದ ಆ ಪುಟ್ಟ ಇಂಜಿನ್ನು, ಅದಕ್ಕೆ ಅಂಟಿಕೊಂಡ ಡೈನಮೊ. ಮಿಲಿಟರಿ ಹರಾಜಿನಲ್ಲಿ ತಂದದ್ದು ಅಂತ ಅಪ್ಪ ಮೀಸೆ ತಿರುವುತ್ತಿದ್ದದ್ದು ಬಿಟ್ಟರೆ ಅದು ಯಾವ ಕಂಪನಿಯದು, ಯಾವ ಕಾಲದ್ದು ಯಾರಿಗೂ ಗೊತ್ತಿರಲಿಲ್ಲ. ಮೈಮೇಲೆ ಹಿತ್ತಾಳೆಯ ಫಲಕವೇನೋ ಇದೆ. ಆದರೆ ಅವ್ವ ವರ್ಷವರ್ಷವೂ ಆಯುಧ ಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಂಬಿಗೆ ಬೆಳಗುವ ಹಾಗೆ ಬೆಳಗಿ, ಒಂದಕ್ಷರವೂ ಉಳಿದಿರಲಿಲ್ಲ. "ಅದರ ಎಸ್ರನ್ನೇ ತಿಕ್ಕಾಕ್ಬುಟ್ಟಿದ್ದೀಯಲ್ಲವ್ವ" ಅಂತ ರಘು ರೇಗಿದ. ಅವ್ವ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: "ಇನ್ನೊಂದತ್ತು ವರ್ಷ ಸಿಕ್ಕಿದ್ರೆ ಇಂಜಿನ್ನೇ ತಿಕ್ಕಾಕ್ತಿದ್ದೆ ಕಣ್ಲಾ." ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನಗಲಿಲ್ಲ, ಅದನ್ನು ನಾವು ಗಮನಿಸಲೂ ಇಲ್ಲ.

ರಘು ಬಣ್ಣ ಕೆರೆಯಲು ಕೂತ. ಮೇಲೆ ಅಪ್ಪ ಬಳಿದ ಬೆಳ್ಳಿ ಬಣ್ಣ, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು, ತಳದಲ್ಲಿ ಮಿಲಿಟರಿ ಹಸಿರು. ಕಬ್ಬಿಣಕ್ಕೆ ಹೊಡೆದಿದ್ದ ಬಾಣದ ಗುರುತು, 1943 ಅನ್ನುವ ಇಸವಿ ಸಿಕ್ಕಿತು. ಫೋಟೊ ತೆಗೆದು ಫೋನಿನಲ್ಲಿ ಎಲ್ಲಿಗೋ ಕಳಿಸಿದ. ಹಳೇ ಇಂಜಿನ್ನುಗಳ ಹುಚ್ಚು ಹಿಡಿದ ಇಂಗ್ಲೆಂಡಿನ ಮುದುಕನೊಬ್ಬ ಉತ್ತರ ಬರೆದ. ಯುದ್ಧದ ಕಾಲದಲ್ಲಿ ಡೇರೆಯೊಳಗಿನ ವೈರ್‌ಲೆಸ್ಸಿಗೆ ಬ್ಯಾಟರಿ ಚಾರ್ಜು ಮಾಡಲು ಬ್ರಿಟಿಷ್ ಸೈನ್ಯ ಮಾಡಿಸಿದ್ದಂತೆ, ಬಾಣ ಅವರ ಸೈನ್ಯದ ಗುರುತಂತೆ. ರಘು ಅದನ್ನು ಊರೆಲ್ಲ ಹೇಳಿಕೊಂಡು ಬಂದ. "ಯುದ್ಧ ಕಂಡಿರೋ ಇಂಜಿನ್ನು ಕಣಕ್ಕ ಇದು" ಅಂತ, ಮಾಕವಳ್ಳಿಯ ಗಂಡನ ಮನೆಗೆ ವಾಪಸಾಗಿದ್ದ ನನಗೂ ಫೋನು ಮಾಡಿದ.

ಆಮೇಲೆ ಹೊಲ, ಹಾಲು, ಹೆಂಡತಿ ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಹಿಡಿದುಕೊಂಡಿದ್ದ ಪಿಸ್ಟನ್ನಿಗೆ ಸೀಮೆಎಣ್ಣೆ ಹುಯ್ದು ವಾರಗಟ್ಟಲೆ ಬಿಟ್ಟ, ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದ, ಹೆಬ್ಬೆರಳಿನ ಉಗುರು ಕಿತ್ತುಹೋಯಿತು. ಪಾಂಡವಪುರದಲ್ಲಿ ಕಾಯಿಲ್ ಸುತ್ತಿಸಿದ, ಮೈಸೂರಿನ ಗುಜರಿಗಳಲ್ಲಿ ಅಲೆದು ಪಿಸ್ಟನ್ನಿನ ಬಳೆ ಹೊಂದಿಸಿದ. ಕೊಟ್ಟ ಕಾರ್ಬೊರೇಟರ್ ಒಡೆದದ್ದು ಅಂತ ಗೊತ್ತಾಗಿ ಗುಜರಿಯವನ ಕುತ್ತಿಗೆಪಟ್ಟಿ ಹಿಡಿದು, ಇಬ್ಬರೂ ಬೀದಿಯಲ್ಲಿ ಬಿದ್ದು ಹೊರಳಾಡಿ ತುಟಿ ಒಡೆಸಿಕೊಂಡು ಬಂದ. ಅಪ್ಪನ ಕೋಪ ಅವನಿಗೆ ಬಂದಿದೆ ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಆ ಇಂಜಿನ್ನು ಶುರುವಾಗುವುದು ಚಕ್ರಕ್ಕೆ ಹಗ್ಗ ಸುತ್ತಿ ಎಳೆದರೆ. ಅಪ್ಪನ ಹತ್ತಿರ ತುದಿಗೆ ಗಂಟು ಹಾಕಿದ ಹಗ್ಗವಿತ್ತಲ್ಲ, ಅದೆಲ್ಲಿ ಅಂತ ರಘು ಅವ್ವನನ್ನು ಕೇಳಿದ. "ಸುಟ್ಟಾಕ್ದೆ" ಅಂದಳು. ಯಾವಾಗ ಅಂದರೆ, "ನಿಮ್ಮಪ್ಪನ್ನ ಮಣ್ಣು ಮಾಡಿ ಬಂದ್ರಲ್ಲ, ಆವತ್ತೇ. ನೀರೊಲೆಗೆ ಇಟ್ಟೆ." ರಘು ಹಾಗೆ ಕೇಳಿದ ದಿನ ಸಂಜೆ ಹಾಲು ಕರೆಯುವಾಗ ಹಸು ಕಾಲು ಝಾಡಿಸಿತು ಅಂತ ಬಾರುಕೋಲು ತೆಗೆದುಕೊಂಡು ಬಾಸುಂಡೆ ಬರುವ ಹಾಗೆ ಬಡಿದಳಂತೆ. ಕರುವನ್ನು ಮಡಿಲಲ್ಲಿ ಮಲಗಿಸಿಕೊಳ್ಳುವ ಅವ್ವ. ರಘುವಿನ ಹೆಂಡತಿ ಶ್ವೇತ ಹೋಗಿ ಕೈ ಹಿಡಿದುಕೊಂಡ ಮೇಲೆ ಬಿಟ್ಟಳಂತೆ.

ರಘು ಹೊಸ ನೈಲಾನ್ ಹಗ್ಗ ತಂದ. ಮೊದಲ ಸಲ ಎಳೆದಾಗ ಇಂಜಿನ್ನು ಹಿಂದಕ್ಕೆ ಒದ್ದು, ಹಗ್ಗ ಕೈಯಿಂದ ಕಿತ್ತುಕೊಂಡು ಅವನ ಕೆನ್ನೆಗೆ ಬಾರಿಸಿತು. ಕಿವಿಯಿಂದ ಗದ್ದದವರೆಗೆ ಚರ್ಮ ಸುಲಿದು ರಕ್ತ ಇಳಿಯುತ್ತಿದ್ದರೂ ಅವನು ನಗುತ್ತಿದ್ದ. "ಅಪ್ಪನ ಕೈಗೊಂದೇ ಬಗ್ತಿದ್ದುದ್ದು ಇದು. ನಮ್ಮಕ್ಕನ ಕೈ ಮುರ್ದಿದ್ದೂ ಇದೇಯ" ಅಂತ ನೋಡಲು ಬಂದವರಿಗೆಲ್ಲ ಹೇಳಿದ. ನಮಗೆ ಹೇಳಿ ಬೆಳೆಸಿದ್ದು ಅದನ್ನೇ ಅಲ್ಲವಾ ಅಕ್ಕ? ಹಗ್ಗ ಎಳೆಯಲು ಹೋಗಿ ಇಂಜಿನ್ನು ಒದ್ದು ನಿನ್ನ ಕೈ ಮುರಿಯಿತು, ಆರೈಕೆಗೆ ನಾಗಮಂಗಲಕ್ಕೆ ಕಳಿಸಿದರು, ನೀನು ಅಲ್ಲೇ ಉಳಿದು ನರ್ಸಿಂಗ್ ಓದಿದೆ, ಸೊಕ್ಕು ಬಂದು ತವರು ಮರೆತೆ. ನಾನೂ ಇದನ್ನೇ ನಂಬಿದ್ದೆ.

ಹಬ್ಬದ ದಿನ ಅಂಗಳ ಸಾರಿಸಿ ಇಂಜಿನ್ನನ್ನು ನಡುವೆ ಇಟ್ಟ. ಹೊಸ ಹಸಿರು ಬಣ್ಣ, ಹಿತ್ತಾಳೆಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಪಕ್ಕದಲ್ಲಿ ಸಾಲಾಗಿ ಟ್ರಾಕ್ಟರು, ಬೈಕು, ಹಾರೆ, ಗುದ್ದಲಿ, ಕುಡುಗೋಲು, ಕೊಡಲಿ. ಅಪ್ಪನ ಜೊತೆ ಕಂಬ ಹತ್ತಿ ಮೈಕು ಕಟ್ಟುತ್ತಿದ್ದ ಚಿಕ್ಕಸ್ವಾಮಿಯನ್ನೂ ಕರೆಸಿದ್ದ. ಬೂದುಗುಂಬಳ ಒಡೆದು, ಕರ್ಪೂರ ಹಚ್ಚಿ, ರಘು ಹಗ್ಗ ಎಳೆದ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಅದು ಹಿಡಿದುಕೊಂಡಿತು.

ಅಕ್ಕ, ನನಗೆ ಒಂದು ವಿಚಿತ್ರ ಆಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ನಾನು ನೋಡಿದರೆ ಬೀದಿಯಲ್ಲಿ ನಿಂತಿದ್ದೇನೆ. ನನ್ನ ಕಾಲುಗಳು ಯಾವಾಗ ನಡೆದುಕೊಂಡು ಹೋದವೋ ಗೊತ್ತಿಲ್ಲ. ಆಮೇಲೆ ನೆನಪಾಯಿತು. ಚಿಕ್ಕಂದಿನಲ್ಲಿ ಇಂಜಿನ್ನು ಶುರುವಾದರೆ ಅಪ್ಪ "ಓಗಿ, ಬೀದೀಲಿ ಆಡ್ಕೋಗಿ" ಅಂತ ನಮ್ಮನ್ನು ಹೊರಗಟ್ಟುತ್ತಿದ್ದ.

ನಾನು ವಾಪಸು ಬರುವ ಹೊತ್ತಿಗೆ ಚಿಕ್ಕಸ್ವಾಮಿ ಆ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದ: "ಈ ಸದ್ದು ಕೇಳ್ತು ಅಂದ್ರೆ ಬೀದಿಯೋರೆಲ್ಲಾ ಅನ್ನೋರು ಕಣ್ಲಾ ರಘು, ಮಂಚಣ್ಣ ಎಂಡ್ರುನ್ನ ಚಾರ್ಜಿಗೆ ಆಕವ್ನೆ ಅಂತ." ಹೇಳಿ ನಕ್ಕ. ಇನ್ನಿಬ್ಬರು ಮುದುಕರೂ ನಕ್ಕರು.

ಅವ್ವ ಒಬ್ಬಟ್ಟು ತಟ್ಟುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಅವಳು ಸಾಲಿನಿಂದ ಕೊಡಲಿ ಎತ್ತಿಕೊಂಡಳು, ಕುಂಕುಮ, ಹೂವು ಅದರ ಮೇಲೇ ಇತ್ತು. ಮೊದಲ ಏಟಿಗೆ ಪ್ಲಗ್ಗು ಪುಡಿಯಾಗಿ ಇಂಜಿನ್ನು ಸತ್ತಿತು. ಅವಳು ನಿಲ್ಲಿಸಲಿಲ್ಲ. ಕಾರ್ಬೊರೇಟರ್ ಹಾರಿಹೋಯಿತು, ಟ್ಯಾಂಕು ಸೀಳಿತು, ಪೆಟ್ರೋಲು ಹರಿದು ಕರ್ಪೂರಕ್ಕೆ ತಗಲಿ ಭಗ್ಗೆಂದು ಹೊತ್ತಿಕೊಂಡಿತು. ಶ್ವೇತ ಒದ್ದೆ ಗೋಣಿ ಎಸೆದು ಬೆಂಕಿ ತುಳಿದಳು. ಸೆರಗಿನ ಅಂಚು ಸುಟ್ಟುಹೋದರೂ ಅವ್ವ ಹೊಡೆಯುತ್ತಲೇ ಇದ್ದಳು, ಉಸಿರು ಬಿಟ್ಟರೆ ಬಾಯಿಂದ ಬೇರೆ ಸದ್ದಿಲ್ಲ. ಒಂದೇಟಿಗೆ ಬೀಡು ಕಬ್ಬಿಣದ ಚೂರೊಂದು ಸಿಡಿದು ನನ್ನ ಮೊಣಕಾಲಿಗೆ ನಾಟಿತು.

ರಘು ಹುಚ್ಚನ ಹಾಗೆ ನುಗ್ಗಿದ. ಕೊಡಲಿಯ ಹಿಡಿ ಅವನ ಹೆಗಲಿಗೆ ಬಡಿಯಿತು. ಕಿತ್ತುಕೊಂಡು ಎಸೆದು ಅವ್ವನನ್ನು ನೂಕಿದ. ಅವಳು ಒರಳಿನ ಮೇಲೆ ಬಿದ್ದಳು, ಹಣೆ ಒಡೆದು ಮುಖವೆಲ್ಲ ರಕ್ತವಾಯಿತು. ಅವನು ಮೇಲೆ ನಿಂತು ಕೈ ಎತ್ತಿದ. ಎತ್ತಿದ್ದ ಅಕ್ಕ, ನಾನು ಕಣ್ಣಾರೆ ಕಂಡೆ. ಅವ್ವ ಕೆಳಗಿನಿಂದ ಅವನ ಮುಖ ನೋಡಿ ಸಮಾಧಾನವಾಗಿ ಹೇಳಿದಳು:

"ಒಡಿ ಕಣಪ್ಪ. ಈಗ ಇಂಜಿನ್ನು ನಿಂತದೆ. ಊರಿಗೆಲ್ಲಾ ಕೇಳಿಸ್ತದೆ, ಒಡಿ."

ರಘು ಎತ್ತಿದ ಕೈ ಇಳಿಸಿದ. ಆಮೇಲೆ ಅವನು ಅಲ್ಲೇ ಕುಸಿದು ಕೂತ.

ಅವಳು ರಕ್ತ ಒರೆಸಿಕೊಳ್ಳದೆ, ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದವರಿಗೂ ಕೇಳುವ ಹಾಗೆ ಹೇಳುತ್ತಾ ಹೋದಳು. ಮುಂದಿನ ಹಲ್ಲು ಹೋದದ್ದು ಯಾವ ಹಬ್ಬದಲ್ಲಿ, ಎಡಗಿವಿ ಕೇಳದೆ ಹೋದದ್ದು ಯಾವಾಗ, ರಘು ಹುಟ್ಟಿದ ಮೇಲೆ ಹೊಟ್ಟೆಯಲ್ಲಿದ್ದ ಇನ್ನೊಂದು ಕೂಸು ಆ ಶೆಡ್ಡಿನ ನೆಲದ ಮೇಲೇ ಇಳಿದುಹೋದದ್ದು. ಎಲ್ಲದಕ್ಕೂ ಮುಂಚೆ ಇಂಜಿನ್ನು ಶುರುವಾಗುತ್ತಿತ್ತು. ಕೊನೆಗೆ ಹೇಳಿದಳು: "ಮಂಗಳನ ಕೈ ಮುರ್ದಿದ್ದು ಇಂಜಿನ್ನಲ್ಲ. ಅವಳತ್ತೆ ಮಗನ್ನ ಮದ್ವೆಯಾಗಾಕೆ ಒಲ್ಲೆ ಅಂದ್ಲು. ನಿಮ್ಮಪ್ಪ ಶೆಡ್ಡೊಳಕ್ಕೆ ಎಳ್ಕೊಂಡೋಗಿ ಅಗಳಿ ಆಕ್ಕಂಡ. ಆ ಗಂಟಿನ್ ಅಗ್ಗದಲ್ಲಿ ಬಡ್ದು, ಆಮೇಲೆ ಸ್ಪಾನರ್ ತಕ್ಕಂಡ." ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ನನಗೆ ಗೊತ್ತಾದದ್ದು ಆವತ್ತು ಅಂತ ಹೇಳುವುದಕ್ಕೆ ಬರೆದೆ.

ಚಿಕ್ಕಸ್ವಾಮಿ ಎದ್ದು ಟವೆಲು ಕೊಡವಿಕೊಳ್ಳುತ್ತಾ, "ಆ ಕಾಲದಲ್ಲಿ ಎಲ್ಲಾರ್ ಮನೇಲೂ ಇದ್ದುದ್ದೇ ಬುಡವ್ವ" ಅಂದ. ನನ್ನ ಕೈಗೆ ಸಿಕ್ಕಿದ್ದು ಒಡೆದ ಬೂದುಗುಂಬಳದ ಹೋಳು. ಕುಂಕುಮದ ಸಮೇತ ಅವನ ಮುಖಕ್ಕೆ ಬೀಸಿ ಹೊಡೆದೆ. ಇನ್ನೊಂದು ಎತ್ತಿಕೊಳ್ಳುವಷ್ಟರಲ್ಲಿ ಓಡಿದ. ಹಿರಿಯರ ಮೇಲೆ ಕೈ ಮಾಡಿದಳು ಅಂತ ಊರು ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ, ನನಗೆ ಅದರಲ್ಲಿ ಒಂದು ಚೂರೂ ಬೇಸರವಿಲ್ಲ.

ಅವ್ವನ ಹಣೆಗೆ ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಈಗ ಬಿಚ್ಚಿಯೂ ಆಯಿತು. ಬಿದ್ದೆ ಅಂತ ಹೇಳು ಅಂದರೆ ಕೇಳಲಿಲ್ಲ, "ಮಗ ನೂಕ್ದ" ಅಂತಲೇ ಬರೆಸಿದಳು. ರಘು ಅದನ್ನು ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ನಿಂತ. ಈಗ ಗಡ್ಡ ಬಿಟ್ಟಿದ್ದಾನೆ. ರಾಗಿ ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಾನೆ. ನಾಗಮಂಗಲಕ್ಕೆ ಹೋಗಿ ಅಕ್ಕನ ಕಾಲಿಗೆ ಬೀಳಲಾ ಅಂತ ನಿನ್ನೆ ಕೇಳಿದ. ನಿನ್ನ ಕೈ ಮುರಿದ ಕಥೆ ಹೇಳಿ ನಕ್ಕಿದ್ದು ಅವನನ್ನು ತಿನ್ನುತ್ತಿದೆ. ನೀನು ಹೇಳಬೇಕು ಅದನ್ನು. ಇಂಜಿನ್ನು ಅಂಗಳದಲ್ಲೇ ಬಿದ್ದಿದೆ, ಗುಜರಿಗೆ ಹಾಕಲೂ ಅವ್ವ ಬಿಡುತ್ತಿಲ್ಲ.

ನಾನು ನಮ್ಮ ಯಜಮಾನರಿಗೆ ಅಡುಗೆ ನೀವೇ ಮಾಡಿಕೊಳ್ಳಿ ಅಂತ ಹೇಳಿ ಇಲ್ಲೇ ಉಳಿದಿದ್ದೇನೆ. ಇಷ್ಟು ವರ್ಷ ನಿನಗೆ ಸೊಕ್ಕು ಅಂತ ಅಂದುಕೊಂಡಿದ್ದಕ್ಕೆ ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ. ಬಾ ಅಂತ ಇನ್ನು ನಾನು ಕರೆಯುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ಸಿಂಚನಳಿಗೆ ಚಿಕ್ಕಮ್ಮನ ಆಶೀರ್ವಾದ. ಚಳಿ ಶುರುವಾಗುತ್ತಿದೆ, ಆ ಕೈಗೆ ಬಿಸಿ ಶಾಖ ಕೊಟ್ಟುಕೋ.

ಇಂತಿ ನಿನ್ನ ತಂಗಿ,
ರಂಜಿತ

ವಿ.ಸೂ.: ಕಾಗದ ಮಡಿಸುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ಮಂಗಳನಿಗಾ ಅಂದಳು. ಹೌದು ಅಂದೆ. ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನನ್ ಏಟು ನಾನು ತಿಂದೆ, ಅದ್ಕಲ್ಲ ಕಣವ್ವ ಕೊಡ್ಲಿ ತಕ್ಕಂಡಿದ್ದು. ಆವತ್ತು ಅವಳು ಒಳಗಿದ್ಲು, ನಾನು ಬಾಗ್ಲಾಚೆ ನಿಂತಿದ್ದೆ. ಹಲ್ಗೆಗೆ ಕಿವಿ ಕೊಟ್ಟೆ. ಇಂಜಿನ್ ಸದ್ದು ಬುಟ್ರೆ ಏನೂ ಕೇಳ್ನಿಲ್ಲ. ಬಾಗ್ಲು ಬಡಿಯೋ ಧೈರ್ಯ ಬರ್ನಿಲ್ಲ. ಅವಳು ನನ್ನ ಕೂಗ್ನಿಲ್ಲ, ಅದ್ಕೆ ನಾನು ಓಗ್ನಿಲ್ಲ ಅನ್ಕಂಡು ಇಷ್ಟು ವರ್ಷ ಅನ್ನ ಉಂಡಿದ್ದೀನಿ. ಹಬ್ಬದ್ ದಿನ ಅದು ಮತ್ತೆ ಶುರುವಾಯ್ತಲ್ಲ, ಅದ್ರೊಳಗೆ ಅವಳ ದನಿ ಇದ್ದಂಗಾಯ್ತು. ಅವಳ್ನ ಇದೊಂದು ಕೇಳಿ ಬರಿ. ಆವತ್ತು ಅವಳು ಅವ್ವಾ ಅಂತ ನನ್ನ ಕೂಗಿದ್ಲಾ?"