ಎರಡನೇ ಲೋಟ ಕಾಫಿ

ಪ್ರೀತಿಯ ಲುಪೆ ಅವರೇ,

ನಿಮಗೆ ಕನ್ನಡ ಬರುತ್ತಿರಲಿಲ್ಲ. ಈಗ ನೀವೂ ಇಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ಡೆಟ್ರಾಯಿಟ್ ಪಕ್ಕದ ನೋವೈ ಊರಿನಲ್ಲಿ ಸರಳಾ ಆಂಟಿಯ ಮನೆಗೆ, ಅವರ ಮಗನಿಗೆ ಬೇಕಾದ ಸೇವೆಗಳ ಫಾರ್ಮ್ ತುಂಬಿಸುವ ಕೆಲಸದ ಮೇಲೆ ಹೋಗಿದ್ದೆ. ಮಗ ಅನುಜ್‌ಗೆ ಇಪ್ಪತ್ತಾರು ವರ್ಷ. ಮಾತು ನಿಧಾನ, ನಡಿಗೆ ಇನ್ನೂ ನಿಧಾನ.

"ಅವ್ನು ಮೇಲೆ ಮಲಗಿದಾನಮ್ಮ. ಫಾರ್ಮ್ ನಾನೇ ಫಿಲ್ ಮಾಡ್ತೀನಿ," ಎಂದರು ಆಂಟಿ.

ಟೋಂಗಾ ದ್ವೀಪದಿಂದ ಬಂದು ಡೆಟ್ರಾಯಿಟ್‌ನಲ್ಲಿ ಮೂವತ್ತು ವರ್ಷ ಅಂಗವಿಕಲರ ಸೇವಾಕೇಂದ್ರ ನಡೆಸಿದ ನೀವು ನನಗೆ ಕಲಿಸಿದ್ದು ಒಂದೇ: ಯಾರಿಗಾಗಿ ಬಂದಿದ್ದೇವೋ ಅವರು ಎದುರು ಕೂರುವವರೆಗೆ ಪೆನ್ನು ತೆಗೆಯಬಾರದು. ನಾನು ಪೆನ್ನು ತೆಗೆಯದೆ ಇನ್ನೊಂದು ಲೋಟ ಕಾಫಿ ಕೇಳಿದೆ.

ಕೊನೆಗೆ ಅನುಜ್ ಮೆಟ್ಟಿಲ ಮೇಲೆ ಕೂತುಕೊಂಡೇ ಒಂದೊಂದಾಗಿ ಇಳಿದು ಬಂದ. ನಿನಗೇನು ಬೇಕು ಎಂದು ಕೇಳಿದೆ. ಆಂಟಿ ಬಾಯಿ ತೆರೆದರು. ನಿಮ್ಮ ಹಾಗೆ ಕೈ ಎತ್ತಿ ತಡೆದೆ. ನಾಲ್ಕು ನಿಮಿಷ ಕಾದೆವು.

"ಟೆಂಪಲ್," ಎಂದ. "ಸಂಡೇ."

ಆಂಟಿ ಅವನನ್ನು ಬಾಲಾಜಿ ದೇವಸ್ಥಾನಕ್ಕೆ ಕರೆದೊಯ್ಯುವುದು ಸೋಮವಾರ ಬೆಳಿಗ್ಗೆ, ಜನರಿಲ್ಲದಾಗ. ಆಂಟಿ ನನ್ನ ಖಾಲಿ ಲೋಟ ಎತ್ತಿಕೊಂಡರು. ಆಮೇಲೆ, "ಸಂಡೇ ಪಾರ್ಕಿಂಗ್ ಸಿಗಲ್ಲ, ಬೇಗ ಹೊರಡ್ಬೇಕು," ಎಂದರು.

ನೀವು ಪ್ಲಿಮತ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ, ತಂಗಿ ತಾನ್ಯಾ ಊರಲ್ಲಿಲ್ಲ ಎಂದಿದ್ದೆ. ಅವಳು ಒಳಗಿನ ಕೋಣೆಯಲ್ಲಿದ್ದಳು. ಅವಳ ವೀಲ್‌ಚೇರನ್ನು ಗ್ಯಾರೇಜಿನಲ್ಲಿಟ್ಟಿದ್ದೆ. ನೀವು ಎರಡನೇ ಲೋಟ ಕಾಫಿ ಕೇಳಿದಿರಿ, ಆಮೇಲೆ ಮೂರನೆಯದು. ನಮ್ಮ ಕಾಫಿ ನಿಮಗೆ ಅಷ್ಟು ಹಿಡಿಸಿತೆಂದು ನಾನು ಬೀಗಿದ್ದೆ.

ಈ ಭಾನುವಾರ ದೇವಸ್ಥಾನಕ್ಕೆ ಬರುತ್ತೀಯಾ ಎಂದು ಸಂಜೆ ತಾನ್ಯಾಳನ್ನು ಕೇಳಿದೆ. ಆಗಲೇ ಕೆಂಪು ಸೀರೆ ತೆಗೆದಿಟ್ಟುಕೊಂಡಿದ್ದಾಳೆ.

ನಿಮ್ಮ
ಸುಹಾಸಿನಿ