ಐದು ಗುಂಜಿ ಬಂಗಾರ

ಅಪ್ಪಾ,

ಹೋದ ಸೋಮವಾರ ನಿನ್ನ ಗಡಿಯಾರದ ಮುಚ್ಚಳ ತೆಗೆಸಿದೆ. ಬೈಯುವುದಿದ್ದರೆ ಈಗಲೇ ಬೈದುಬಿಡು. ಮುಂದೆ ಓದಿದರೆ ಬೇರೆ ಕಾರಣಗಳೂ ಸಿಗುತ್ತವೆ. ನಿನ್ನ ವರ್ಷಾಂತಿಕ ಮುಗಿಸಿ ಟ್ರಂಕು ಖಾಲಿ ಮಾಡುವಾಗ ಧೋತರದ ಮಡಿಕೆಯೊಳಗೆ ಅಜ್ಜನ ಬಂಗಾರದ ಕೈಗಡಿಯಾರ ಸಿಕ್ಕಿತು. ಅಸಲಿಯೋ ಅಲ್ಲವೋ ತಿಳಿಯಲು ಒಯ್ದೆ ಅಂದರೆ ಸುಳ್ಳಾದೀತು. ಎಷ್ಟು ಖೊಟ್ಟಿ ಅಂತ ತಿಳಿಯಲು ಒಯ್ದೆ.

ದಸರೆಯ ಖಂಡೆ ಪೂಜೆಯ ಹಿಂದಿನ ದಿನ ನೆನಪಿದೆಯಾ? ಊರ ಮಂದಿ ಪೂಜೆಗೆ ಕತ್ತಿ, ಕುಡಗೋಲು, ನೇಗಿಲು ಇಟ್ಟರೆ ನಮ್ಮ ಮನೆಯಲ್ಲಿ ಇಡಲು ಇದ್ದದ್ದು ಒಂದು ಪೆನ್ನು, ಒಂದು ಗಡಿಯಾರ. ಸಂಸ್ಥಾನದ ಕಾಲದ ಕಾರಕೂನ ನಮ್ಮಜ್ಜ. ಕೆಲಸ ಬಿಡುವ ದಿನ ಅವನಿಗೆ ಉಡುಗೊರೆಯಾಗಿ ಬಂದದ್ದು ಅದು. ಬೀಳಗಿ ಕಚೇರಿಗೆ ಅರ್ಧ ದಿನ ರಜೆ ಹಾಕಿ, ನೀನು ಅದನ್ನು ಪ್ರತಿ ವರ್ಷ ಜಮಖಂಡಿಯ ಪತ್ತಾರನ ಬಂಗಾರದ ಅಂಗಡಿಗೆ ಒಯ್ಯುತ್ತಿದ್ದೆ. ಅವನು ಪಾಲಿಶ್ ಗಾಲಿಗೆ ಹಿಡಿದು ತಿಕ್ಕಿ ಕೊಡುತ್ತಿದ್ದ. "ಇನ್ನೊಂದೀಟು ತಿಕ್ಕೋ ಮಾರಾಯಾ, ಅಪ್ಪನ ವಸ್ತು, ಲಕಲಕ ಅನಬೇಕು" ಅನ್ನುತ್ತಿದ್ದೆ. ಕಚೇರಿಯಲ್ಲಿ ಯಾರನ್ನೂ ಬೆಣ್ಣೆ ಹಚ್ಚಿ ತಿಕ್ಕಲಾರದವನು ಮನೆಯಲ್ಲಿ ಗಡಿಯಾರವನ್ನಾದರೂ ತಿಕ್ಕಲಿ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ನೀನು ನಗುತ್ತಿದ್ದೆ. ನನ್ನ ಎಲ್ಲ ಚೇಷ್ಟೆಗೂ ನಗುತ್ತಿದ್ದೆಯಲ್ಲ, ಅದೇ ತಪ್ಪಾಯಿತೇನೋ.

ಅಜ್ಜಿ ತೀರಿ ಪಾತ್ರೆ ಪಡಗ ಹಂಚಿಕೊಂಡ ವರ್ಷ ಕಾಕಾ ತಕರಾರು ತೆಗೆದ. ಡಬ್ಬಿಯೊಳಗೆ ಅಜ್ಜನ ಕೈಬರಹದ ಚೀಟಿ ಇತ್ತು: ಗಡಿಯಾರದ ತೂಕ, ಪಟ್ಟಿ ಸಿಗಿಸುವ ಕಿವಿಯ ಹಿಂದೆ ಅಸಲಿ ಬಂಗಾರದ ಮುದ್ರೆ, ಶಿಕ್ಕಾ, ಇದೆ ಎಂಬ ಮಾತು, ಕೆಳಗೆ ಒಂದು ಉದ್ದನೆಯ ಸಂಖ್ಯೆ. ಆ ಸಂಖ್ಯೆ ಏನೆಂದು ಯಾರೂ ಕೇಳಲಿಲ್ಲ. ಕಾರಕೂನರ ಮನೆಯಲ್ಲಿ ಸಂಖ್ಯೆ ಕಂಡರೆ ಅದು ಯಾವುದೋ ಫೈಲಿನದೇ ಇರಬೇಕು! ಮುಧೋಳದ ಇನ್ನೊಬ್ಬ ಪತ್ತಾರ ತಕ್ಕಡಿಗೆ ಹಾಕಿ ನೋಡಿದ.

"ಅಣ್ಣಾ, ಐದು ಗುಂಜಿ ಕಡಿಮಿ ಐತಿ" ಅಂದ ಕಾಕಾ. "ಶಿಕ್ಕಾನೂ ಇಲ್ಲ. ಅಸಲೀದು ಯಾವೂರಾಗ ಕೊಟ್ಟು ಈ ಖೊಟ್ಟಿ ತಂದಿ?"

"ತೂಕಾ ಮಾಡೂದು ಆತಿಲ್ಲೋ? ಕೊಡು ಇಲ್ಲಿ."

"ಮುಚ್ಚಳ ತಗಸೂಣು. ಒಳಗ ನೋಡಿದ್ರ ಗೊತ್ತಾಕ್ಕೈತಿ."

"ಕಳ್ಳನ ಮನಿ ಝಡತಿ ಮಾಡತಾರ. ನಾ ಕಳ್ಳ ಅಲ್ಲ. ತಗಿಯಂಗಿಲ್ಲ."

ನಿರ್ದೋಷಿಯಾದವನಿಗೆ ತೆರೆದು ತೋರಿಸಲು ಏನು ಕಷ್ಟ ಎಂದು ನನಗೆ ಅಂದೇ ಅನಿಸಿತು. ಎಂ.ಎ. ಮಾಡಿದ್ದೆನಲ್ಲ, ತರ್ಕ ಬರುತ್ತಿತ್ತು. ಅಪ್ಪ ಎಂಥವನು ಅನ್ನುವುದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ.

ಆಮೇಲೆ ರಬಕವಿಯ ಮದುವೆ. ಮುನಿಸಿದ್ದರೂ ಕಾಕಾನ ಮಗಳು ಶಾಂತಾಳ ಮದುವೆಗೆ ಹೋದೆವು. ನೀನು ಬೇಕೆಂತಲೇ ಆ ಗಡಿಯಾರ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಊಟಕ್ಕೆ ಮೊದಲು ನನ್ನ ಕೈಗೆ ಮೈಕು ಕೊಟ್ಟರು. ಆಗಲೇ ಊರೂರಲ್ಲಿ ನಗಿಸುವವನೆಂಬ ಹೆಸರು ಬಂದಿತ್ತು. "ನಮ್ಮಪ್ಪನ ಕೈಯಾಗಿನ ಗಡಿಯಾರ ನೋಡ್ರಿ, ಅದು ಚಿನ್ನದ್ದಲ್ಲ, ಚಿನ್ನಾಟದ್ದು" ಅಂದೆ. ಇಡೀ ಚಪ್ಪರ ನಕ್ಕಿತು. ನೀನೂ ನಕ್ಕೆ. ನಗುತ್ತಲೇ ಶಲ್ಯದ ಮರೆಯಲ್ಲಿ ಪಟ್ಟಿ ಬಿಚ್ಚಿ ಗಡಿಯಾರವನ್ನು ಜೇಬಿಗೆ ಹಾಕಿಕೊಂಡೆ. ನಾನು ನೋಡಿದೆ, ಅಪ್ಪಾ. ನೋಡಿಯೂ ಮುಂದಿನ ಜೋಕಿಗೆ ಹೋದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರನನ್ನು ಕೇಳಿದೆಯಲ್ಲ, "ಎಷ್ಟ ಗಂಟೆ ಆತೋ ತಮ್ಮಾ?" ಪಕ್ಕದಲ್ಲೇ ನಾನಿದ್ದೆ, ನನ್ನ ಕೈಯಲ್ಲೂ ಗಡಿಯಾರವಿತ್ತು...

ಬೆಳಗಾವಿಯಲ್ಲಿ ಹಳೆಯ ಗಡಿಯಾರ ಪರೀಕ್ಷಿಸುವ ಒಬ್ಬ ಹಿರಿಯರಿದ್ದಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಒಳಬದಿಯಲ್ಲಿ ಬಂಗಾರದ ಶಿಕ್ಕಾ ನಿನ್ನೆ ಒತ್ತಿದಂತೆ ಇತ್ತು. ಅದರ ಕೆಳಗೆ ಒಂದು ಸಂಖ್ಯೆ. ಅವರು ಓದುತ್ತ ಹೋದರು, ನಾನು ಅಜ್ಜನ ಚೀಟಿ ಹಿಡಿದು ಒಂದೊಂದೇ ಅಂಕಿ ನೋಡುತ್ತ ಹೋದೆ. ಒಂದೂ ತಪ್ಪಲಿಲ್ಲ. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಗೀರುವ ರೂಢಿಯಂತೆ. ಕೊನೆಯ ಗೀರು ಅಜ್ಜ ಬದುಕಿದ್ದಾಗಿನದು. ಆಮೇಲೆ ಯಾರೂ ತೆರೆದಿಲ್ಲ. ಯಂತ್ರ, ಮುಳ್ಳು, ತುಪ್ಪದ ಬಣ್ಣಕ್ಕೆ ತಿರುಗಿದ ಮುಖ, ಎಲ್ಲವೂ ಅದರದ್ದೇ.

"ಮತ್ತ ತೂಕಾ ಯಾಕ ಕಡಿಮಿ ಆತ್ರಿ?"

"ಅಂಚು ನೋಡ್ರಿ, ಮೈಸಾಬೂನಿನಂಗ ಸವದಾವು. ವರ್ಷಾ ವರ್ಷಾ ಗಾಲಿಗೆ ಹಿಡದೀರಿ, ಹೌದಿಲ್ಲೋ? ಹೊರಗಿನ ಶಿಕ್ಕಾ ಅಲ್ಲೇ ಹೋತು, ಬಂಗಾರಾನೂ ಅಲ್ಲೇ ಹೋತು. ಅಸಲಿ ಇರೂದು ಬ್ಯಾರೆ, ಇದ್ದಂಗ ಇರೂದು ಬ್ಯಾರೆ. ಇದು ನೂರಕ್ಕ ನೂರು ಅಸಲಿ. ಆದ್ರ ಪ್ರೀತಿ ಮಾಡಿ ಮಾಡಿ ಕೆಡಿಸೀರಿ."

ಹೀಗೆ ನಿನ್ನ ಭಕ್ತಿಯೇ ನಿನ್ನ ವಿರುದ್ಧ ಸಾಕ್ಷಿ ಹೇಳಿತ್ತು. ಸರಿ, ಗಾಲಿಗೆ ಬುದ್ಧಿಯಿಲ್ಲ, ತಕ್ಕಡಿಗೆ ಕಣ್ಣಿಲ್ಲ. ನನಗೆ ಎರಡೂ ಇದ್ದವಲ್ಲ? ನೀನಾದರೂ ಒಂದು ಸಲ, ಹಟಕ್ಕಾದರೂ, ಆ ಮುಚ್ಚಳ... ಹೋಗಲಿ. ಮಗನೇ ನಂಬದ ಮನೆಯಲ್ಲಿ ಯಾರಿಗೆ ತೆಗೆದು ತೋರಿಸುತ್ತಿದ್ದೆ?

ಮರುದಿನವೇ ಮುಧೋಳಕ್ಕೆ ಹೋಗಿ ಕಾಕಾನ ಮುಂದೆ ಗಡಿಯಾರ, ಚೀಟಿ ಎರಡೂ ಇಟ್ಟೆ. ಕಣ್ಣು ಮಂಜಾಗಿವೆ, ಸಂಖ್ಯೆಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದ. ನಾನು ಹುರುಪಿನಲ್ಲಿ ಅಂದೆ, "ಕಾಕಾ, ನೀ ಹೊರಿಸಿದ ಅಪವಾದ ಇಪ್ಪತ್ತಾರು ವರ್ಷ ನಮ್ಮಪ್ಪನ್ನ ತಿಂತು."

"ಹೌದಪಾ, ನಾ ಹೊರಿಸಿದ್ನಿ" ಅಂದ. "ಆದ್ರ ನನ್ನ ಮಾತು ಯಾರ್ ನಂಬಿದ್ರು? ಪಾಲು ಕೇಳಾಂವ ಹಂಗ ಅಂತಾನಂತ ಮಂದಿ ನನಗ ಉಗಳಿದ್ರು. ಆ ಚಪ್ಪರದಾಗ ನೀ ಅಂದಿ ನೋಡು, ಆವಾಗ ನಂಬಿದ್ರು. ಹೊಟ್ಟಿ ಮಗಾನ ಅನ್ನಾಕತ್ತಾನಂದ್ರ ಖರೇನ ಇರಬೇಕಂತ. ನನಗೂ ಅಲ್ಲೇ ಖಾತ್ರಿ ಆತು."

ಮಾತಿಗೆ ಮಾತು ಕೊಡುವುದೇ ನನ್ನ ಕಸುಬು. ಅಂದು ಗಡಿಯಾರ, ಚೀಟಿ ಎರಡನ್ನೂ ಎತ್ತಿಕೊಂಡು ಬಸ್ಸಿಗೆ ನಡೆದೆ.

ಶಾಂತಾಳ ಮಗಳ ಮದುವೆ ಬನಹಟ್ಟಿಯಲ್ಲಿ ಬರುವ ತಿಂಗಳು. ಅದೇ ಬೀಗರು, ಅದೇ ಬಳಗ, ಬದುಕಿ ಉಳಿದವರೆಲ್ಲ ಬರುತ್ತಾರೆ. ರೂಢಿಯಂತೆ ಮೈಕು ನನಗೇ ಕೊಡುತ್ತಾರೆ. ನಮ್ಮಪ್ಪ ಏನನ್ನೂ ಮಾರಲಿಲ್ಲ, ಏನನ್ನೂ ಬದಲಿಸಲಿಲ್ಲ, ಅವನ ಮೇಲೆ ಸುಳ್ಳು ಹೇಳಿದವನು ನಾನು ಎಂದು ಹೇಳುತ್ತೇನೆ. ಇದಕ್ಕೂ ಕೊನೆಗೊಂದು ಜೋಕಿನ ಬಾಲ ಇರುತ್ತದೆಂದು ಕಾದು, ಅವರು ನಕ್ಕೇ ನಗುತ್ತಾರೆ, ಅಪ್ಪಾ. ನಾನೇ ಕಲಿಸಿದ ಚಟ. ನಗು ಪೂರ್ತಿ ನಿಲ್ಲುವವರೆಗೆ ನಿಂತಿರುತ್ತೇನೆ. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ.

ನಿನ್ನ ಮಗ